ಆರನೆಯ ಗುಳಿ

ಖಾಸೀಂಸಾಬರ ಎಡಗೈಗೆ ಕಣ್ಣಿದ್ದವು. ಬಲಗೈ ಸೂಕ್ಷ್ಮದರ್ಶಕದ ತಿರುಪಿನ ಮೇಲಿರುತ್ತಿತ್ತು. ಬಲಗಣ್ಣು ಕೊಳವೆಗೆ ಅಂಟಿಕೊಂಡಿರುತ್ತಿತ್ತು. ಎಡಗಣ್ಣು ತೆರೆದೇ ಇದ್ದರೂ ಏನನ್ನೂ ನೋಡುತ್ತಿರಲಿಲ್ಲ. ಎಡಗೈ ಮಾತ್ರ ಮೇಜಿನ ಮೇಲಿನ ಅಳಗುಳಿ ಮಣೆಯ ಮೇಲೆ ತನ್ನಷ್ಟಕ್ಕೆ ತಾನೇ ಓಡಾಡುತ್ತಿತ್ತು. ಮುಷ್ಟಿಯ ತುಂಬ ಹುಣಸೆ ಬೀಜ. ಹೆಬ್ಬೆರಳು ಒಂದೊಂದನ್ನೇ ಹೊರದಬ್ಬಿದಂತೆ ಬೀಜ ಯಾವುದೋ ಒಂದು ಗುಳಿಗೆ ಬೀಳುತ್ತಿತ್ತು. ಹೆಣ್ಣುಮಕ್ಕಳು ಶ್ರಾವಣದ ಮಧ್ಯಾಹ್ನಗಳಲ್ಲಿ ಕಾಲು ಚಾಚಿ ಕುಳಿತು ಆಡುವ ಮಣೆ ಅದು. ಅದರ ಮೇಲೆ ಅವರು ಮನುಷ್ಯರ ರಕ್ತ ಎಣಿಸುತ್ತಿದ್ದರು.

ಬಳ್ಳಾರಿಯ ಗಾಂಧಿನಗರದಲ್ಲಿದ್ದ ಒಂದು ಖಾಸಗಿ ಆಸ್ಪತ್ರೆಯ ಹಿಂಬದಿಯ ಕೋಣೆ ನಮ್ಮ ಪ್ರಯೋಗಾಲಯ. ಒಂದೇ ಕಿಟಕಿ, ಅದರ ಬೆಳಕೇ ಸೂಕ್ಷ್ಮದರ್ಶಕದ ಕನ್ನಡಿಗೆ ಆಧಾರ. ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ ಬಣ್ಣ ಹಾಕಿದ ರಕ್ತದಲ್ಲಿ ನೂರು ಬಿಳಿ ಕಣಗಳನ್ನು ನೋಡಬೇಕು, ಯಾವ ಜಾತಿಯವು ಎಷ್ಟೆಷ್ಟು ಎಂದು ಬರೆಯಬೇಕು. ಬಿಳಿ ಕಣಗಳೆಂದರೆ ದೇಹದ ಕಾವಲಿನವರು. ಯಾವ ಕಾವಲುಗಾರರು ಹೆಚ್ಚಿದ್ದಾರೆ, ಯಾರು ಕಡಿಮೆ ಎನ್ನುವುದರ ಮೇಲೆ ಡಾಕ್ಟರು ರೋಗವನ್ನು ಊಹಿಸುತ್ತಾರೆ. ಬೇರೆ ಕಡೆ ಕಾಗದದ ಮೇಲೆ ಗೀಟು ಎಳೆದು ಲೆಕ್ಕವಿಡುತ್ತಿದ್ದರು. ಖಾಸೀಂಸಾಬರಿಗೆ ಅದು ಒಪ್ಪಿಗೆಯಿರಲಿಲ್ಲ. "ಗೀಟು ಎಳ್ಯಾಕ ಕಣ್ಣು ಎತ್ತಬೇಕು. ಕಣ್ಣು ಎತ್ತಿದ್ರ ಕಾಳು ತಪ್ತು" ಎನ್ನುತ್ತಿದ್ದರು. ಬಟ್ಟಲಿನಲ್ಲಿ ಸರಿಯಾಗಿ ನೂರು ಬೀಜ. ಬಟ್ಟಲು ಬರಿದಾದರೆ ನೂರು ಮುಗಿದಂತೆ. ಆಮೇಲೆ ಗುಳಿಗಳಲ್ಲಿ ಬಿದ್ದದ್ದನ್ನು ಎಣಿಸಿ ಬರೆದರಾಯಿತು.

ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಈ ಕೆಲಸ ಕಲಿಯಲೆಂದು ಎಪ್ಪತ್ತರ ದಶಕದ ನಡುವಿನಲ್ಲಿ ಅವರ ಬಳಿ ಸೇರಿದೆ. ನಮ್ಮೂರು ಕುರುಗೋಡು. ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಮೊದಲ ದಿನ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು:

"ಏನು ಓದೀರಿ?"

"ಬಿ.ಎಸ್ಸಿ. ರೀ."

"ಜ್ವಾಳ ಹಸನು ಮಾಡಾಕ ಬರ್ತತೇನು?"

"ಬರ್ತತ್ರಿ."

"ಹಂಗಾದ್ರ ಕಲೀತಿ ಬಿಡು. ನನಗ ಬಿ.ಎಸ್ಸಿ. ಮ್ಯಾಲ ಅಷ್ಟು ನಂಬಿಗಿ ಇಲ್ಲ ತಾಯಿ, ಮೊರದ ಮ್ಯಾಲ ಐತಿ."

ಆ ಕ್ಷಣದಿಂದ ನಾನು 'ನೀವು' ಹೋಗಿ 'ನೀನು' ಆದೆ. ಅವರಿಗೆ ಆಗ ಐವತ್ತು ದಾಟಿತ್ತು. ಅವರ ತಂದೆ ಬಳ್ಳಾರಿ ಹತ್ತಿರದ ಮೋಕಾದಲ್ಲಿ ಒಕ್ಕಲು ಕಣದಿಂದ ಕಣಕ್ಕೆ ಹೋಗಿ ಕಾಳು ಅಳೆದುಕೊಡುತ್ತಿದ್ದವರು. ಮಗ ಕಂಪೌಂಡರ್ ಆಗಿ, ಮದರಾಸಿನ ಕಡೆಯ ಒಬ್ಬ ಡಾಕ್ಟರರ ಕೈಕೆಳಗೆ ರಕ್ತ ನೋಡುವುದನ್ನು ಕಲಿತರು. ಇಂಗ್ಲಿಷ್ ಹೆಸರುಗಳೆಲ್ಲ ಬಾಯಿಪಾಠವಿದ್ದವು. ವರದಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಬಾಯಲ್ಲಿ ಮಾತ್ರ ಅವು ಮೋಕಾದ ಕಾಳುಗಳೇ. ಮೂರು ಗಂಟಿನ ಒಳಬೀಜವಿರುವ ನ್ಯೂಟ್ರೋಫಿಲ್ ಶೇಂಗಾ. ದುಂಡಗಿನ ಲಿಂಫೋಸೈಟ್ ತೊಗರಿ. ಒಳಗೆ ಬಾಗಿದ ಮೋನೋಸೈಟ್ ಅಲಸಂದಿ. ಕೆಂಪು ಹರಳು ತುಂಬಿದ ಇಯೋಸಿನೋಫಿಲ್ ದಾಳಿಂಬ್ರಿ. ಮೈತುಂಬ ಕಪ್ಪುನೀಲಿ ಕಾಳು ಗಿಡಿದುಕೊಂಡ ಬೇಸೋಫಿಲ್ ಸಜ್ಜಿ ಚೀಲ. ಬಲಿಯದ ಕಣಗಳಿಗೆ, ಅಂದರೆ ಆರೋಗ್ಯವಂತರ ರಕ್ತದಲ್ಲಿ ಕಾಣಿಸಲೇಬಾರದ ಎಳೆಯ ಕಣಗಳಿಗೆ, ಹಾಲ್ಗಾಳು ಎನ್ನುತ್ತಿದ್ದರು. ತೆನೆಯಲ್ಲಿ ಇನ್ನೂ ಹಾಲಾಗಿಯೇ ಇರುವ ಜೋಳಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ.

ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಕೆಳಸಾಲು ಬಲಿಯದವುಗಳಿಗೆ. ಮೇಲಿನ ಸಾಲಿನ ಮೊದಲ ನಾಲ್ಕು ಗುಳಿಗಳು ಶೇಂಗಾ, ತೊಗರಿ, ಅಲಸಂದಿ, ದಾಳಿಂಬ್ರಿಗೆ. ಐದನೆಯದು ಗುರುತು ಸಿಗದವುಗಳಿಗೆ. ಆರನೆಯದು ಖಾಲಿ. ಏಳನೆಯದು ಸಜ್ಜಿ ಚೀಲಕ್ಕೆ. ಏಳನೆಯ ಗುಳಿಯ ತಳದಲ್ಲಿ ಔಷಧಿ ಬಾಟಲಿಯ ತಗಡಿನ ಮುಚ್ಚಳವೊಂದನ್ನು ಕೂರಿಸಿದ್ದರು. ಬೇರೆ ಗುಳಿಗೆ ಬಿದ್ದ ಬೀಜ 'ಟಕ್' ಎನ್ನುತ್ತಿತ್ತು. ಏಳನೆಯದಕ್ಕೆ ಬಿದ್ದದ್ದು 'ಟಿಣ್' ಎನ್ನುತ್ತಿತ್ತು.

"ಆರನೇದ್ಯಾಕ ಖಾಲಿ ಬಿಟ್ಟೀರಿ ಸಾಬ್ರೇ?" ಎಂದು ಕೇಳಿದ್ದೆ.

"ಬೆರಳಿಗೆ ಒಂದು ಬದುವು ಬೇಕಲ್ಲ? ಇಲ್ಲಾಂದ್ರ ಒಬ್ರ ಹೊಲದಾಗಿಂದು ಇನ್ನೊಬ್ರ ಹೊಲಕ್ಕ ಬೀಳ್ತತಿ."

"ಮತ್ತ ತಗಡು?"

"ಸಜ್ಜಿ ಚೀಲ ನೂರಕ್ಕ ಒಂದು ಸಿಗೋದೂ ಕಷ್ಟ. ಅಷ್ಟು ಅಪರೂಪದ್ದು ಬಂದಾಗ ಕಣ್ಣು ಹೌದು ಅಂದ್ರ ಸಾಲಂಗಿಲ್ಲ, ಕಿವಿ ಸಾಕ್ಷಿ ಹೇಳಬೇಕು. ಕಣ್ಣು ತಪ್ತತಿ, ಕೈ ಮರೀತತಿ. ಕಿವಿ ಸುಳ್ಳು ಹೇಳಂಗಿಲ್ಲ ತಾಯಿ."

ನನಗೆ ಮೊದಲ ಸಜ್ಜಿ ಚೀಲ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿ. 'ಟಿಣ್' ಎಂದ ಕೂಡಲೇ ಅವರು ಕೋಣೆಯ ಆ ತುದಿಯಿಂದ "ಸಿಕ್ತೇನು?" ಎಂದು ಕೂಗಿದರು; ಬಂದು ನೋಡಿ, ನನ್ನ ತಲೆಯ ಮೇಲೆ ಕೈಯಿಟ್ಟು, ಅಟೆಂಡರನ್ನು ಕಳಿಸಿ ವಗ್ಗಾಣಿ-ಮಿರ್ಚಿ, ಅಂದರೆ ಒಗ್ಗರಣೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ನಾನು ಹೆಚ್ಚು ಮಾತಾಡುವವಳಲ್ಲ. ಅವರಿಗೆ ಅದು ಒಗಟು. "ಈಕಿ ಬಾಯಾಗಿಂದ ಒಂದು ಮಾತು ಬಿತ್ತಂದ್ರ ಅದಕ್ಕೂ ಒಂದು ತಗಡು ಇಡಬೇಕು ನೋಡು" ಎಂದು ಅಟೆಂಡರನಿಗೆ ಹೇಳಿ ನಕ್ಕರು.

ರೋಗಿಗಳ ಜೊತೆ ಅವರದು ಬೇರೆಯೇ ದರ್ಬಾರು. ಒಮ್ಮೆ ನಮ್ಮೂರಿನ ಕಡೆಯ ಮುದುಕಿಯೊಬ್ಬಳು ಬೆರಳು ಚುಚ್ಚಿಸಿಕೊಂಡು ಸೊಂಟಕ್ಕೆ ಕೈಕೊಟ್ಟು ನಿಂತಳು.

"ತಗಂಡಿಯಲ್ಲ, ನೋಡಿದ ಮ್ಯಾಲ ತಿರುಗಿ ಹಾಕ್ತೀಯೋ ಇಲ್ಲೋ?"

"ಇಲ್ಲಬೇ ಅಮ್ಮಾ, ಇಟಗಂತೀವಿ."

"ನನ್ನ ರಗತ ನೀ ಇಟಗಂಡು ಏನ್ ಮಾಡ್ತಿ?"

"ಬರೋ ವರ್ಷಕ್ಕ ಬೀಜಕ್ಕ ಇಡ್ತೀನಿ."

ಮುದುಕಿ ಬೈಯಬೇಕೆಂದು ತೆರೆದ ಬಾಯಲ್ಲೇ ನಕ್ಕುಬಿಟ್ಟಳು. ಆದರೆ ವರದಿಯಲ್ಲಿ ಏನಿದೆ ಎಂದು ಯಾರು ಗೋಗರೆದರೂ ಖಾಸೀಂಸಾಬರು ಬಾಯಿ ಬಿಡುತ್ತಿರಲಿಲ್ಲ. "ಎಣಿಸೋದು ನಮ್ದು, ಹೇಳೋದು ಡಾಕ್ಟರದು, ಇಡೋದು ಒಯ್ಯೋದು ಮ್ಯಾಲಿನವಂದು" ಎನ್ನುವುದು ಅವರ ಖಾಯಂ ಮಾತು. ವರದಿ ಲಕೋಟೆಯಲ್ಲಿ ಹೋಗುತ್ತಿತ್ತು, ಅಂಟು ಹಚ್ಚಿ.

ಇನ್ನೊಂದು ನಿಯಮವಿತ್ತು: ತಮ್ಮ ಮನೆಯವರ ರಕ್ತವನ್ನು ತಾವು ನೋಡಬಾರದು. ಅದರ ಕಾರಣವನ್ನು ಒಂದು ದಿನ ತಾವಾಗಿಯೇ ಹೇಳಿದರು. ಹಲವು ವರ್ಷಗಳ ಹಿಂದೆ ಅವರ ತಮ್ಮನಿಗೆ ಜ್ವರ ಬಿಡದೆ ಬಂದಿತ್ತು. ರಕ್ತ ಇವರೇ ನೋಡಿದರು. ತೊಗರಿ ಹೆಚ್ಚಾಗಿದೆ, ಅದೇನೂ ದೊಡ್ಡದಲ್ಲ ಎಂದು ಬರೆದರು. ಅವು ತೊಗರಿಯಾಗಿರಲಿಲ್ಲ. "ಹಾಲ್ಗಾಳನ್ನ ತೊಗರಿ ಅಂತ ಎಣಿಸಿದ್ನಿ. ಎರಡೂ ದುಂಡಗೇ ಇರ್ತಾವ. ಮಂದಿ ರಕ್ತದಾಗ ಇದ್ದಿದ್ರ ನಿದ್ದಿಗಣ್ಣಾಗೂ ಹಿಡಿದಿದ್ನಿ. ನಮ್ಮವರದ್ದಂದ್ರ ಬೇಕಾದ್ದು ಕಾಣ್ತತಿ, ಇದ್ದದ್ದು ಕಾಣಂಗಿಲ್ಲ." ಆ ತಮ್ಮ ಮೂರೇ ವಾರದಲ್ಲಿ ತೀರಿಹೋಗಿದ್ದ. ಇದನ್ನು ಹೇಳುವಾಗಲೂ ಅವರ ಎಡಗೈ ಬಟ್ಟಲಿನ ಬೀಜಗಳನ್ನು ತಡವುತ್ತಿತ್ತು.

ನನ್ನ ಅಕ್ಕ ಪಾರ್ವತಿಯನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಬಾವ ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ನಾನು ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾದಾಗ ಅಕ್ಕನ ಹೊಟ್ಟೆ ಮುಂದೆ ಬರತೊಡಗಿತು. ಊಟ ಸೇರುತ್ತಿರಲಿಲ್ಲ, ಸುಸ್ತು ಹೆಚ್ಚು. ಅವಳ ಅತ್ತೆ ಮಾವಿನಕಾಯಿ ಕೊಯ್ದಿಟ್ಟರು, ಸೊಸೆ ಬಸುರಿ ಎಂದು ಊರವರಿಗೆಲ್ಲ ಹೇಳಿದರು. ಹೊಟ್ಟೆ ಎಡಗಡೆಗೇ ಹೆಚ್ಚು ಬೆಳೆಯುತ್ತಿದೆ ಎಂದು ಅಕ್ಕ ಹೇಳಿದ್ದಕ್ಕೆ, "ಗಂಡು ಐತಿ, ಅದಕ್ಕ" ಅಂದರಂತೆ. ಎರಡು ತಿಂಗಳ ನಂತರ ಅವಳನ್ನು ನಮ್ಮ ಆಸ್ಪತ್ರೆಗೆ ಕರೆತಂದರು. ಬೆಳೆದಿದ್ದದ್ದು ಮಗುವಲ್ಲ, ಎಡಪಕ್ಕೆಯ ಕೆಳಗಿನ ಗುಲ್ಮ. ರೋಗ ರಕ್ತದ ಕ್ಯಾನ್ಸರು.

ಡಾಕ್ಟರು ನಮ್ಮ ತಂದೆಯನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು. ಇದು ನಿಧಾನವಾದ ಜಾತಿಯದು. ಗುಳಿಗೆಯಿಂದ ಹತೋಟಿಯಲ್ಲಿ ಇಡಬಹುದು. ಎರಡು ವರ್ಷ, ಮೂರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಆಮೇಲೆ ಒಂದು ದಿನ ಅದು ತಿರುಗಿಬೀಳುತ್ತದೆ, ಆಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ತಂದೆ 'ನಿಧಾನ' ಎಂಬ ಒಂದೇ ಪದವನ್ನು ಹಿಡಿದುಕೊಂಡು ಕುರುಗೋಡಿಗೆ ಹೋದರು. ನಾನು ಖಾಸೀಂಸಾಬರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದೆ: ತಿರುಗುವ ಮೊದಲು ಸುಳಿವು ಸಿಗುತ್ತದೆಯೇ?

ಅವರು ಕೊಳವೆಯಿಂದ ಕಣ್ಣು ತೆಗೆದರು. "ಪುಸ್ತಕ ಓದಿಯಲ್ಲ."

"ನೀವು ನೋಡಿದ್ದು ಹೇಳ್ರಿ."

"ಸಜ್ಜಿ ಚೀಲ" ಅಂದರು. "ಒಂದು ಸಿಕ್ರ ವಗ್ಗಾಣಿ-ಮಿರ್ಚಿ. ಈ ರೋಗದಾಗ ಮಾತ್ರ ಅದು ಹೆಚ್ಚಿಗಿ ಇರ್ತತಿ. ಮೂರೋ ನಾಕೋ ಇರಲಿ, ಫಿಕರಿಲ್ಲ. ಹತ್ತು ದಾಟ್ತಂದ್ರ ಹಿಂದ್ಲೇ ಹಾಲ್ಗಾಳು ಬರಾಕ ಹತ್ಯಾವಂತ ತಿಳಕೋ. ನಾ ನೋಡಿದ್ರಾಗ ಆಮ್ಯಾಲ ಯಾರೂ ಭಾಳ ದಿನ ಬರಲಿಲ್ಲ ತಾಯಿ."

ಅಕ್ಕ ತಿಂಗಳಿಗೊಮ್ಮೆ ಸಿರುಗುಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಖಾಸೀಂಸಾಬರೇ ಚುಚ್ಚಿ, ಬಣ್ಣ ಹಾಕಿ, ತಾವೇ ಎಣಿಸುತ್ತಿದ್ದರು. ನಿಯಮದಂತೆ ನಾನು ಆ ಪಟ್ಟಿಯನ್ನು ಮುಟ್ಟುತ್ತಿರಲಿಲ್ಲ, ವರದಿಯ ಪುಸ್ತಕದಲ್ಲಿ ಆ ಪುಟವನ್ನು ತೆರೆಯುತ್ತಿರಲಿಲ್ಲ. ಕೋಣೆಯ ಈ ತುದಿಯಲ್ಲಿ ಕೊಳಾಯಿಗೆ ಮುಖಮಾಡಿ ಗಾಜು ತೊಳೆಯುತ್ತ ಬೆನ್ನಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಟಕ್, ಟಕ್, ಟಕ್. ಟಿಣ್. ಮೊದಲ ವರ್ಷ ತಿಂಗಳಿಗೆ ಎರಡು, ಮೂರು. ನಾನು ಎಣಿಸುತ್ತಿದ್ದೇನೆಂದು ಯಾರಿಗೂ ಹೇಳಲಿಲ್ಲ. ಮುಂದೊಂದು ದಿನ ಅವರಿಗೆ ಗೊತ್ತಾಯಿತು. ಗೊತ್ತಾಗಿದೆಯೆಂದು ನನಗೆ ತಿಳಿದದ್ದು ಇನ್ನೂ ಆಮೇಲೆ.

ಅಕ್ಕನಿಗೂ ಅವರಿಗೂ ಬಹಳ ಸಲಿಗೆ.

"ಎಷ್ಟು ಮಾರ್ಕ್ಸ್ ಕೊಟ್ರಿ ಸಾಬ್ರೇ ಈ ಸಲ?"

"ನೂರಕ್ಕ ನೂರು ಎಣಿಸೀನಿ. ಪಾಸು ಮಾಡೋರು ಡಾಕ್ಟರು."

"ಅವರು ನಿಮ್ಮ ಚೀಟಿ ನೋಡೇ ಕಾಪಿ ಹೊಡೀತಾರ, ನನಗ ಗೊತ್ತೈತಿ!"

"ಅಬ್ಬಾ, ನಿನ್ನ ಬಾಯಾಗಿನ ಅರ್ಧ ನಿನ್ನ ತಂಗಿಗೆ ಕೊಡಬೇ. ನನ್ನ ಕೋಣಿ ಗೋರಿ ಆಗೇತಿ."

"ಅಕಿ ಸಣ್ಣಾಕಿದ್ದಾಗಿಂದ ಹಂಗೇ. ಚೇಳು ಕಡಿದ್ರೂ 'ಸ್ವಲ್ಪ ಉರೀತತಿ' ಅಂತ ಬರೆದು ತೋರಿಸಾಕಿ."

ಎರಡನೆಯ ವರ್ಷ ಐದಾಯಿತು. ಮತ್ತೆ ಏಳಾಯಿತು. ಒಂದು ತಿಂಗಳು ನಾಲ್ಕಕ್ಕೆ ಇಳಿಯಿತು. ಆ ದಿನ ಚಿಕ್ಕಮ್ಮನ ಮನೆಗೆ ನಡೆದುಹೋಗುವಾಗ ದಾರಿಯಲ್ಲಿ ಮಲ್ಲಿಗೆ ಕೊಂಡೆ. ನನಗೆ ಹೂ ಮುಡಿಯುವ ಅಭ್ಯಾಸವಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಹನ್ನೆರಡಾಯಿತು. ಹನ್ನೆರಡನೆಯದು ಬಿದ್ದಾಗ ನನ್ನ ಕೈಯಿಂದ ಗಾಜು ಜಾರಿ ತೊಟ್ಟಿಯಲ್ಲಿ ಒಡೆಯಿತು. ಖಾಸೀಂಸಾಬರ ಬೆರಳು ನಿಂತಿತು. ಅವರು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಟಕ್, ಟಕ್. ಅಂದು ಡಾಕ್ಟರು ಅಕ್ಕನ ಔಷಧಿಯ ಗುಳಿಗೆ ಹೆಚ್ಚಿಸಿದರು.

ಆ ವರ್ಷ ಬೇಸಿಗೆಯಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಸರ್ಟಿಫಿಕೇಟಿನ ಪರೀಕ್ಷೆಯಿತ್ತು. ತಪ್ಪಿದರೆ ಮತ್ತೆ ಒಂದು ವರ್ಷ. ಮುಂದಿನ ಎಣಿಕೆಗೆ ಅಕ್ಕ ಬಂದದ್ದು ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ. ಮುಖ ಸಣ್ಣಗಾಗಿತ್ತು. ಬಾವ ಡಾಕ್ಟರರನ್ನು ಕಾಣಲು ಹೋಗಿದ್ದರು; ನಾವಿಬ್ಬರೇ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತಿದ್ದೆವು.

"ಲೇ ಸುಮ್ಮಿ, ಒಂದು ಎಂಟು ದಿನ ನಮ್ಮನಿಗಿ ಬಾ."

"ಪರೀಕ್ಷಾ ಐತಕ್ಕ."

"ಗೊತ್ತೈತಿ. ಆದ್ರೂ ಬಾ. ಕೆಂಚನಗುಡ್ಡಕ್ಕ ಹೋಗೂಣು. ಹೊಳಿ ದಂಡಿಗೆ ಕುಂಡ್ರೂಣು. ನಿನಗ ಒಂದು ಮಾತು ಹೇಳೋದೈತಿ."

"ಇಲ್ಲೇ ಹೇಳು."

ಅವಳು ಆಸ್ಪತ್ರೆಯ ಗೋಡೆಯನ್ನು, ಹಸಿರು ಬಣ್ಣದ ಕಿಟಕಿಗಳನ್ನು ನೋಡಿದಳು. "ಇಲ್ಲಿ ಹೇಳೋದಲ್ಲ ಅದು. ಮನ್ಯಾಗೂ ಅಲ್ಲ. ಬಾ, ಹೇಳ್ತೀನಿ."

ಒಳಗೆ ಹೋಗುವಾಗ ನಾನು ಮನಸ್ಸಿನಲ್ಲಿ ಒಂದು ಒಪ್ಪಂದ ಮಾಡಿಕೊಂಡೆ. ಇಂದು ಹನ್ನೆರಡಕ್ಕಿಂತ ಹೆಚ್ಚು ಬಿದ್ದರೆ ಪರೀಕ್ಷೆ ಬಿಟ್ಟು ನಾಳೆಯೇ ಸಿರುಗುಪ್ಪಕ್ಕೆ ಹೋಗುವುದು. ಕಡಿಮೆ ಬಿದ್ದರೆ ಪರೀಕ್ಷೆ ಮುಗಿಸಿ ಹೋಗುವುದು, ಒಂದು ತಿಂಗಳೇ ಇರುವುದು. ಇದನ್ನು ಯಾರಿಗೂ ಹೇಳಲಿಲ್ಲ. ಅಕ್ಕ ಕರೆದಿದ್ದಾಳೆ ಎಂಬುದನ್ನೂ ಹೇಳಲಿಲ್ಲ. ಹೇಳುವ ಅಭ್ಯಾಸ ನನಗಿರಲಿಲ್ಲ.

ಖಾಸೀಂಸಾಬರು ಕಿಟಕಿಗೆ ಕನ್ನಡಿ ತಿರುಗಿಸಿಕೊಂಡು ಕುಳಿತರು. ನಾನು ಕೊಳಾಯಿಯ ಮುಂದೆ ನಿಂತೆ. ನೀರು ಬಿಡಲಿಲ್ಲ, ಸದ್ದಿಗೆ ಅಡ್ಡಿಯಾಗುತ್ತದೆಂದು ಬಟ್ಟೆಯಿಂದ ಒಣ ಗಾಜುಗಳನ್ನೇ ಒರೆಸಿದೆ. ಟಕ್, ಟಕ್, ಟಕ್, ಟಕ್. ಟಿಣ್. ಬಹಳ ಹೊತ್ತು ಟಕ್, ಟಕ್. ಟಿಣ್. ಬಟ್ಟಲಿನಲ್ಲಿ ಬೀಜ ಮುಗಿಯುತ್ತ ಬಂದದ್ದು ಅವರ ಬೆರಳು ತಳ ಕೆರೆಯುವ ಸದ್ದಿನಲ್ಲಿ ಗೊತ್ತಾಗುತ್ತಿತ್ತು. ಕೊನೆಗೊಂದು ಟಿಣ್. ಮೂರು. ನಾನು ಗಾಜನ್ನು ಕೆಳಗಿಟ್ಟು, ತೊಟ್ಟಿಯ ಅಂಚನ್ನು ಹಿಡಿದುಕೊಂಡು ನಿಂತೆ. ಮೂರು. ಡಾಕ್ಟರು ಗುಳಿಗೆ ಹೆಚ್ಚಿಸಿದ್ದು ಹಿಡಿದಿದೆ.

ಅವರು ಬರೆದರು, ಲಕೋಟೆಗೆ ಅಂಟು ಹಚ್ಚಿದರು, ಬೀಜಗಳನ್ನೆಲ್ಲ ಬಟ್ಟಲಿಗೆ ಬಳಿದರು. "ಓದಿಕೋ ತಾಯಿ. ಚೆಂದಾಗಿ ಬರಿ" ಎಂದರು. ಪರೀಕ್ಷೆಯ ಬಗ್ಗೆ ಅವರು ತಾವಾಗಿಯೇ ಮಾತೆತ್ತಿದ್ದು ಅದೇ ಮೊದಲು.

ಬಸ್ಸು ಹೊರಡುವಾಗ ಅಕ್ಕ ಕಿಟಕಿಯಿಂದ "ಬರ್ತೀಯಲ್ಲ?" ಎಂದಳು. "ಪರೀಕ್ಷಾ ಮುಗಿದ ಮರುದಿನಾನೇ ಬರ್ತೀನಿ" ಎಂದೆ. ನಗುತ್ತಲೇ ಹೇಳಿದೆ. ಅವಳು ನನ್ನ ನಗುವನ್ನು ಸ್ವಲ್ಪ ಹೊತ್ತು ನೋಡಿ, "ಆತು. ಚೆಂದಾಗಿ ಬರಿ" ಎಂದಳು. ಬಾವ ಆ ಕಡೆಯ ಸೀಟಿನಲ್ಲಿ ತಲೆ ತಗ್ಗಿಸಿಕೊಂಡಿದ್ದರು. ಬಿಸಿಲಿಗೆ ಎಂದುಕೊಂಡೆ.

ನಾಲ್ಕು ಪತ್ರಿಕೆಗಳನ್ನೂ ಚೆನ್ನಾಗಿ ಬರೆದೆ. ಒಂದರಲ್ಲಿ ಈ ರೋಗದ ಪ್ರಶ್ನೆಯೇ ಇತ್ತು. ರೋಗ ತಿರುಗುವ ಮುನ್ನ ಕಾಣುವ ಸೂಚನೆಗಳು ಯಾವುವು? ಮೊದಲ ಸಾಲಿನಲ್ಲೇ ಬೇಸೋಫಿಲ್ ಎಂದು ಬರೆದು ಅಡಿಗೆರೆ ಎಳೆದೆ. ಬಳ್ಳಾರಿಗೆ ಬಂದಿಳಿದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. ಹಿಂದಿನ ದಿನ ಬಾವನ ತಂತಿ ಬಂದಿತ್ತು.

ಸಿರುಗುಪ್ಪದ ಮನೆಯ ನಡುಮನೆಯಲ್ಲಿ ಅಕ್ಕ ಮಂಚದ ಮೇಲಿದ್ದಳು. ಒಸಡಿನಲ್ಲಿ ರಕ್ತ ಒಣಗಿತ್ತು. ಮೈಮೇಲೆಲ್ಲ ನೇರಳೆ ಮಚ್ಚೆ. ಎರಡು ದಿನದ ಹಿಂದೆ ವಾಂತಿಯಾಗಿ ಪ್ರಜ್ಞೆ ತಪ್ಪಿದವಳು ಮತ್ತೆ ಎಚ್ಚರಗೊಂಡಿರಲಿಲ್ಲ. ತಲೆಯಲ್ಲಿ ರಕ್ತಸ್ರಾವವಾಗಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಕಣ್ಣು ಅರ್ಧ ತೆರೆದಿತ್ತು, ಆದರೆ ನೋಡುತ್ತಿರಲಿಲ್ಲ. ನಾನು ಅವಳ ಕಿವಿಯ ಹತ್ತಿರ ಬಾಗಿ ಬಂದಿದ್ದೇನೆ ಎಂದೆ. ಎಷ್ಟೋ ಸಲ ಹೇಳಿದೆ. ನನ್ನ ಜೀವಮಾನದಲ್ಲಿ ಒಂದೇ ಮಾತನ್ನು ಅಷ್ಟು ಸಲ ಹೇಳಿದ್ದು ಅದೊಂದೇ ದಿನ. ಮರುದಿನ ಮಧ್ಯಾಹ್ನ ಹೋದಳು.

"ನಿನ್ನ ದಾರಿ ನೋಡಿದ್ಲವ್ವಾ" ಎಂದರು ಅವಳ ಅತ್ತೆ. "ಕರೆ ಕಳಿಸ್ಲೇನು ಅಂದ್ರ ಬ್ಯಾಡ, ಪರೀಕ್ಷಾ ಮುಗೀಲಿ ಅಂದ್ಲು."

"ಏನೋ ಹೇಳಬೇಕಂದಿದ್ಲು. ನಿಮಗೇನಾದ್ರೂ..."

"ನಮಗ್ಯಾಕ ಹೇಳ್ತಾಳ? ನಿನಗ ಹೇಳೋದು ನಿನಗಾ ಹೇಳಬೇಕಾಗಿತ್ತು."

ಬಾವ ಎದ್ದು ಹೊರಗೆ ಹೋದರು. ಕೊನೆಯ ಎಣಿಕೆಯ ದಿನವೇ ಡಾಕ್ಟರು ಅವರಿಗೆ ಎಲ್ಲವನ್ನೂ ಹೇಳಿದ್ದರು: ತಿರುಗಿದೆ, ಒಂದೋ ಒಂದೂವರೆಯೋ ತಿಂಗಳು. ಮನೆಯಲ್ಲಿ ಯಾರಿಗೂ ಹೇಳಬಾರದೆಂದು ಅವರು ನಿಶ್ಚಯಿಸಿದ್ದರು. ನಾನು ಅಲ್ಲಿಯೇ ಕೆಲಸ ಮಾಡುವವಳು, ನನಗೆ ಗೊತ್ತಿದ್ದೇ ಇರುತ್ತದೆ ಎಂದುಕೊಂಡಿದ್ದರಂತೆ.

ಹದಿಮೂರನೆಯ ದಿನದ ನಂತರ ಬಳ್ಳಾರಿಗೆ ಮರಳಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಹಳೆಯ ಗಾಜಿನ ಪಟ್ಟಿಗಳ ಮರದ ಪೆಟ್ಟಿಗೆಯಿಂದ ಅಕ್ಕನ ಕೊನೆಯ ಪಟ್ಟಿಯನ್ನು ತೆಗೆದೆ. ಎಣ್ಣೆಯ ಹನಿ ಹಾಕಿ, ಕನ್ನಡಿಯನ್ನು ಕಿಟಕಿಗೆ ತಿರುಗಿಸಿ, ಬೀಜದ ಬಟ್ಟಲನ್ನು ಎಡಗೈ ಹತ್ತಿರ ಎಳೆದುಕೊಂಡೆ. ಎರಡನೆಯ ಬೀಜವೇ ಟಿಣ್ ಎಂದಿತು. ಆಮೇಲೆ ಐದನೆಯದು. ಒಂಬತ್ತು, ಹತ್ತು. ಹೊಲದಲ್ಲಿ ಸಾಲಾಗಿ ನಿಲ್ಲಿಸಿದಂತೆ ಎಲ್ಲೆಲ್ಲೂ ಆ ಕಪ್ಪುನೀಲಿ ಚೀಲಗಳು, ಅವುಗಳ ನಡುವೆ ದೊಡ್ಡ, ತೆಳುಬಣ್ಣದ, ಏನೂ ಬಲಿಯದ ಹಾಲ್ಗಾಳು. ಟಿಣ್. ಟಿಣ್. ಖಾಸೀಂಸಾಬರು ಯಾವಾಗ ಬಂದು ಬಾಗಿಲಲ್ಲಿ ನಿಂತರೋ ನನಗೆ ಗೊತ್ತಿಲ್ಲ. ಇಪ್ಪತ್ತೊಂದು ಆದಾಗ, "ಸಾಕು ತಾಯಿ" ಎಂದರು.

ನಾನು ನಿಲ್ಲಿಸಲಿಲ್ಲ. ನೂರು ಮುಗಿಸಿದೆ. ಇಪ್ಪತ್ತನಾಲ್ಕು.

"ಅವತ್ತು ಮೂರಾ ಬಿದ್ದಿದ್ವು" ಎಂದೆ.

"ನಿನಗ ಕೇಳಲಿ ಅಂತ ಏಳಕ್ಕ ಮೂರು ಹಾಕಿದ್ನಿ. ಉಳಿದದ್ದು ಆರಕ್ಕ ಹಾಕಿದ್ನಿ." ಅವರ ಧ್ವನಿ ಎಂದಿನಂತೆಯೇ ಇತ್ತು. "ಬರೆದದ್ದು ಖರೇ ಬರೆದೀನಿ. ಇಪ್ಪತ್ತನಾಕು. ಪುಸ್ತಕ ತಗದು ನೋಡು."

"ಯಾಕ?"

"ಹಿಂದಿನ ಸಲ ಗ್ಲಾಸು ಒಡೀತಲ್ಲ, ಆವಾಗ ತಿಳೀತು, ನೀ ಎಣಿಸಾಕ ಹತ್ತೀ ಅಂತ. ಅಕಿ ಉಳಿಯಾಂಗಿದ್ದಿಲ್ಲ. ನಿನ್ನ ಪರೀಕ್ಷೆರೆ ಉಳೀಲಿ ಅಂತ ಮಾಡಿದ್ನಿ. ಇಪ್ಪತ್ತು ದಿನ ನೀ ಸಮಾಧಾನದಿಂದ ಓದಲಿ ಅಂತ."

"ಅಕಿ ನನ್ನ ಕರೆದಿದ್ಲು. ಎಂಟು ದಿನ ಬಂದಿರು, ಒಂದು ಮಾತು ಹೇಳೋದೈತಿ ಅಂದಿದ್ಲು. ಹನ್ನೆರಡು ದಾಟಿದ್ರ ಹೋಗಬೇಕಂತ ನಾ..."

ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಆಮೇಲೆ, ನನ್ನನ್ನು ಬೈಯುವಂತೆ ಅಲ್ಲ, ತಮ್ಮಷ್ಟಕ್ಕೆ ತಾವೇ ಕೇಳಿಕೊಳ್ಳುವಂತೆ ಅಂದರು: "ನೀ ಹೇಳಿದ್ದಿಲ್ಲಲ್ಲ ತಾಯಿ. ಅಕಿ ಕರೆದಾಳಂತ ನೀ ನನಗ ಹೇಳಿದ್ದಿಲ್ಲಲ್ಲ."

ಹೇಳಿರಲಿಲ್ಲ. ಆ ಕೋಣೆಯಲ್ಲಿ ನಾವಿಬ್ಬರೂ ಎರಡು ವರ್ಷದಿಂದ ಒಂದೇ ರಕ್ತವನ್ನು ಎಣಿಸುತ್ತಿದ್ದೆವು. ಅವರು ಕಣ್ಣಿನಿಂದ, ನಾನು ಬೆನ್ನಿನಿಂದ. ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಆ ದಿನದ ನಂತರ ಅವರು ಅಳಗುಳಿ ಮಣೆಯನ್ನು ಮನೆಗೆ ಒಯ್ದರು. ಡಾಕ್ಟರರಿಗೆ ಹೇಳಿ, ಗುಂಡಿ ಒತ್ತಿ ಎಣಿಸುವ ಒಂದು ಪುಟ್ಟ ಯಂತ್ರ ತರಿಸಿದರು. ಅದರಲ್ಲಿ ಎಲ್ಲ ಗುಂಡಿಗಳಿಗೂ ಒಂದೇ ಸದ್ದು. ನೂರಾದಾಗ ಮಾತ್ರ ಗಂಟೆ ಹೊಡೆಯುತ್ತಿತ್ತು. ಕಾಳುಗಳ ಹೆಸರೂ ನಿಂತುಹೋದವು. ಇಂಗ್ಲಿಷಿನಲ್ಲೇ ಹೇಳುತ್ತಿದ್ದರು, ವರದಿಯಲ್ಲಿ ಬರೆದಂತೆ. ಇನ್ನೂ ಎರಡು ವರ್ಷ ಹೀಗೆಯೇ ಜೊತೆಯಲ್ಲಿ ಕೆಲಸ ಮಾಡಿದೆವು. ಜಗಳವಿರಲಿಲ್ಲ. ಮಧ್ಯಾಹ್ನ ನನ್ನ ರೊಟ್ಟಿಗೆ ಅವರು ಶೇಂಗಾ ಚಟ್ನಿ ಕೊಡುತ್ತಿದ್ದರು, ನಾನು ತೆಗೆದುಕೊಳ್ಳುತ್ತಿದ್ದೆ. ನಾನು ಅವರನ್ನು ಕ್ಷಮಿಸಿದ್ದೆನೋ ಇಲ್ಲವೋ ಎಂದು ಈಗಲೂ ಖಚಿತವಾಗಿ ಹೇಳಲಾರೆ. ನನ್ನನ್ನು ಕ್ಷಮಿಸಿಕೊಂಡಿಲ್ಲ ಎನ್ನುವುದು ಖಚಿತ. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂತು. ಆ ಸರ್ಟಿಫಿಕೇಟನ್ನು ಇನ್ನೂ ಚೌಕಟ್ಟಿಗೆ ಹಾಕಿಸಿಲ್ಲ.

ಅವರು ಕೆಲಸ ಬಿಟ್ಟು ಮೋಕಾಕ್ಕೆ ಹೋದ ಮೂರು ವರ್ಷದ ಮೇಲೆ ಲಕ್ವ ಹೊಡೆಯಿತೆಂದು ತಿಳಿದು ನೋಡಲು ಹೋದೆ. ಹೊರಗಿನ ಕಟ್ಟೆಯ ಮೇಲೆ ಹಾಸಿಗೆ ಹಾಕಿ ಮಲಗಿಸಿದ್ದರು. ಹೋದದ್ದು ಎಡಭಾಗ. ಆ ಕೈ ಎದೆಯ ಮೇಲೆ, ಯಾರೋ ಅಲ್ಲಿ ಮರೆತುಹೋದ ವಸ್ತುವಿನಂತೆ, ಅಂಗೈ ಮೇಲಾಗಿ ಬಿದ್ದಿತ್ತು. ಬೆರಳು ಒಳಕ್ಕೆ ಮಡಚಿದ್ದವು. ಅವರ ಹೆಂಡತಿ ಚಹಾ ತರಲು ಒಳಗೆ ಹೋದರು.

"ಬಂದಿಯೇನು" ಎಂದರು. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ಆಸ್ಪತ್ರೆಯ ಸುದ್ದಿ ಕೇಳಿದರು. ಹೊಸ ಸೂಕ್ಷ್ಮದರ್ಶಕದಲ್ಲಿ ದೀಪ ಒಳಗೇ ಇದೆ, ಕಿಟಕಿ ಬೇಕಿಲ್ಲ ಎಂದೆ. "ಹಂಗಾದ್ರ ಮೋಡ ಇದ್ರೂ ಎಣಿಸಬೌದು" ಎಂದು ಒಂದು ಕಡೆಯ ತುಟಿಯಲ್ಲಿ ನಕ್ಕರು. ಆಮೇಲೆ ಬಲಗೈಯಿಂದ ಆ ಎಡಗೈಯ ಬೆರಳುಗಳನ್ನು ತಡವಿದರು. ಕೇಳಬೇಕೋ ಬೇಡವೋ ಎಂದು ಎಷ್ಟೋ ವರ್ಷ ತೂಗಿನೋಡಿದ ಪ್ರಶ್ನೆ ಅದೆಂದು ಕೇಳುವ ಮೊದಲೇ ನನಗೆ ತಿಳಿಯಿತು.

"ನಿಮ್ಮಕ್ಕ... ಏನ್ ಹೇಳಬೇಕಂದಿದ್ಲು ಅಂತ, ಆಮ್ಯಾಲೆ ಏನರೆ ಗೊತ್ತಾತೇನು ತಾಯಿ? ಯಾರ ಮುಂದರೆ ಹೇಳಿದ್ಲೇನು?"

ಅವರ ಕಣ್ಣು ನನ್ನ ಮುಖದ ಮೇಲಿತ್ತು, ಎರಡೂ ಕಣ್ಣು. ಹೌದು, ಅತ್ತೆಗೆ ಹೇಳಿದ್ದಳಂತೆ, ದೊಡ್ಡದೇನಲ್ಲ, ತನ್ನ ಒಂದು ಸೀರೆ ನನಗಿರಲಿ ಎಂದಿದ್ದಳಂತೆ ಎನ್ನಬಹುದಿತ್ತು. ಅಷ್ಟು ಸಾಕಾಗುತ್ತಿತ್ತು. ಅವರು ನಂಬುತ್ತಿದ್ದರು. ನಮ್ಮವರದ್ದೆಂದರೆ ಬೇಕಾದದ್ದೇ ಕಾಣುತ್ತದೆ.

"ಇಲ್ಲ ಸಾಬ್ರೇ" ಎಂದೆ. "ಯಾರಿಗೂ ಹೇಳಿದ್ದಿಲ್ಲ."

ಅವರು ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ಹ್ಞೂಂ" ಎಂದರು. ಆಮೇಲೆ, "ಖರೇ ಎಣಿಸ್ತಿ ನೀನು. ನಾ ಕಲಿಸಿದ್ರಾಗ ನೀ ಒಬ್ಬಾಕಿನಾ ಖರೇ ಎಣಿಸಾಕಿ" ಎಂದರು.

ಚಹಾ ಬಂತು. ಕುಡಿದೆ. ಬಳ್ಳಾರಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಆ ತಿಂಗಳು ಮುಗಿಯುವ ಮೊದಲೇ ಅವರು ತೀರಿಹೋದರು ಎಂದು ಅಟೆಂಡರ್ ಬಂದು ಹೇಳಿದ. ನಾನು ಆಗ ಯಾರದೋ ರಕ್ತ ಎಣಿಸುತ್ತಿದ್ದೆ. ಎಷ್ಟಕ್ಕೆ ಬಂದಿದ್ದೆನೋ ತಪ್ಪಿ, ಮತ್ತೆ ಒಂದರಿಂದ ಆರಂಭಿಸಿದೆ.

ಮೋಕಾದ ಆ ಕಟ್ಟೆಯ ಮೇಲೆ ಅವರು ಕಲಿಸಿದ ಹಾಗೆಯೇ ಉತ್ತರ ಕೊಟ್ಟಿದ್ದೆ. ಅವರು ನನಗಾಗಿ ಹಾಕಿದಂತೆ, ಆ ಒಂದು ಬೀಜವನ್ನು ನಾನೂ ಆರನೆಯ ಗುಳಿಗೆ ಹಾಕಬಹುದಿತ್ತು.